ಎಂಸಿಬಿ ಪದೇ ಪದೇ ಬೀಳುತ್ತಿದೆಯಾ? ದಯವಿಟ್ಟು ದೊಡ್ಡದು ಹಾಕಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಕೈಯಾರೆ ಮಾಡಿದವರು ಬೇರೆ, ಆದರೆ "ಏನಾದ್ರೂ ಮಾಡಿ, ಇದು ಬೀಳಬಾರದು ಅಷ್ಟೇ" ಅಂತ ಗಂಟುಬಿದ್ದವನು ನಾನು.

ನಮ್ಮ ಅಡುಗೆಮನೆಯ ಪ್ಲಗ್ ಪಾಯಿಂಟುಗಳಿಗೆಲ್ಲ ಸೇರಿ ಒಂದೇ ಲೈನು, ಅದಕ್ಕೆ 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಬಿದ್ದು ಲೈನ್ ಆಫ್ ಮಾಡುವ ಸ್ವಿಚ್). ವರ್ಷಗಟ್ಟಲೆ ಏನೂ ತೊಂದರೆ ಇರಲಿಲ್ಲ. ಇಂಡಕ್ಷನ್ ಒಲೆ ಬಂದ ಮೇಲೆ ಶುರುವಾಯಿತು. ದಿನಾ ಅಲ್ಲ. ಮನೆತುಂಬ ಜನ ಇದ್ದ ದಿನ ಮಾತ್ರ, ಒಲೆ ಉರಿಯುತ್ತಾ, ಮೈಕ್ರೋವೇವ್ ತಿರುಗುತ್ತಾ, ಕೆಟಲಿನಲ್ಲಿ ಒಂದರ ಹಿಂದೆ ಒಂದು ಸಲ ನೀರು ಕಾಯುತ್ತಾ ಇದ್ದಾಗ. ಅದೂ ತಕ್ಷಣ ಅಲ್ಲ, ಅರ್ಧ ಗಂಟೆ ಸುಮ್ನಿದ್ದು ಆಮೇಲೆ ಟಪ್. ಲೋಡ್ ಜಾಸ್ತಿ ಆಗಿದ್ದರೆ ಆಗಲೇ ಬೀಳಬೇಕಿತ್ತಲ್ಲ, ಎಂಸಿಬಿಯೇ ಕೆಟ್ಟಿರಬೇಕು ಅಂತ ನನ್ನ ಲೆಕ್ಕ. ಎಲೆಕ್ಟ್ರಿಷಿಯನ್ ಬಂದರು, ಹತ್ತು ನಿಮಿಷದಲ್ಲಿ 16 ತೆಗೆದು 32 ಹಾಕಿದರು. "ಇನ್ನು ಬೀಳಲ್ಲ ಸಾರ್" ಅಂದರು. ನಿಜ, ಆಮೇಲೆ ಅದು ಬೀಳಲೇ ಇಲ್ಲ.

ಎರಡು ತಿಂಗಳಾದ ಮೇಲೆ ಅಮ್ಮ ಒಂದು ದಿನ "ನೋಡೋ, ಈ ಬೋರ್ಡ್ ಹತ್ರ ಏನೋ ಕೊಳೆತ ಮೀನಿನ ವಾಸನೆ ಕಣೋ" ಅಂದರು. ನಾವು ಒಂದು ವಾರ ಸಿಂಕ್ ತೊಳೆದೆವು, ಕಸದ ಬುಟ್ಟಿ ಬದಲಾಯಿಸಿದೆವು. ಬಿಸಿಯಾದ ಪ್ಲಾಸ್ಟಿಕ್ಕಿಗೂ ಮೀನಿನಂಥದೇ ವಾಸನೆ ಬರುತ್ತದೆ ಅಂತ ಯಾರಿಗೆ ಗೊತ್ತು? ಕೊನೆಗೆ ಬೋರ್ಡ್ ಮೇಲೆ ಕೈ ಇಟ್ಟರೆ ಬೆಚ್ಚಗಿತ್ತು. ಮೇನ್ ಆಫ್ ಮಾಡಿ ಬೇರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಬೋರ್ಡ್ ಬಿಚ್ಚಿದರೆ ಒಳಗಿನ ವೈರುಗಳ ಕೋಟಿಂಗ್ ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಮುಟ್ಟಿದರೆ ಉದುರುತ್ತಿತ್ತು. ನ್ಯೂಟ್ರಲ್ ಸ್ಕ್ರೂ ಪೂರ್ತಿ ಕಪ್ಪು.

ಅವರು ವೈರು ನೋಡಿ ಮೊದಲು ಕೇಳಿದ್ದು, "1.5 ಸ್ಕ್ವೇರಿಗೆ 32ರ ಎಂಸಿಬಿ ಯಾರು ಹಾಕಿದ್ದು?" (ಸ್ಕ್ವೇರ್ ಅಂದರೆ ವೈರಿನ ದಪ್ಪ, ಚದರ ಮಿಲಿಮೀಟರಿನಲ್ಲಿ.) ನಾನು ತಲೆ ಕೆರೆದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿ ತೋರಿಸಿದರು. ಕಷ್ಟದ ಲೆಕ್ಕ ಏನಲ್ಲ, ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 230 ವೋಲ್ಟಿಗೆ ನಮ್ಮ 2000 ವ್ಯಾಟಿನ ಇಂಡಕ್ಷನ್ 8.7 ಆಂಪಿಯರ್, 1500ರ ಕೆಟಲ್ 6.5, ಮೈಕ್ರೋವೇವ್ 5.2. (ಮೈಕ್ರೋವೇವಿನ ಮುಂದೆ ದೊಡ್ಡದಾಗಿ 800 ವ್ಯಾಟ್ ಅಂತ ಇರುತ್ತದೆ, ಅದು ಒಳಗಿನ ಪದಾರ್ಥಕ್ಕೆ ಸಿಗುವ ಬಿಸಿ. ನಮ್ಮದು ಲೈನಿನಿಂದ ಎಳೆಯುವುದು 1200, ಹಿಂಬದಿಯ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಇದೆ.) ಫ್ರಿಜ್ಜಿಗೆ ಒಂದು ಹಿಡಿದರೆ ಒಟ್ಟು 21.4. ಎಲ್ಲಾ ಆನ್ ಮಾಡಿಸಿ, ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ತೋರಿಸಬಹುದಿತ್ತು, ಆದರೆ ಆ ವೈರಿಗೆ ಇನ್ನು ಕರೆಂಟ್ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ.

ಹಳೇ ಎಂಸಿಬಿ ಅರ್ಧ ಗಂಟೆ ತಡೆದು ಬೀಳುತ್ತಿತ್ತಲ್ಲ, ಅದು ಕೆಟ್ಟಿರಲಿಲ್ಲ, ಅದರ ಕೆಲಸವೇ ಅದು. ತನ್ನ ಮೇಲೆ ಬರೆದ ಆಂಪಿಯರಿನ 1.45 ಪಟ್ಟು ಹೋದಾಗ ಒಂದು ಗಂಟೆಯೊಳಗೆ ಬೀಳಲೇಬೇಕು, 1.13 ಪಟ್ಟಿನ ತನಕ ಒಂದು ಗಂಟೆ ಬೀಳಬಾರದು, ನಡುವೆ ಅದರಿಷ್ಟ. ನಮ್ಮದು 1.34 ಪಟ್ಟು. 32ರದ್ದಾದರೆ? 36 ಆಂಪಿಯರ್ ತನಕ ಅದು ಅಲುಗಾಡುವುದೇ ಇಲ್ಲ, 46 ಹೋದರೂ ಒಂದು ಗಂಟೆ ಸುಮ್ಮನಿರಬಹುದು. ನಮ್ಮ 21 ಅದರ ಕಣ್ಣಿಗೆ ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಇತ್ತಲ್ಲ ಅಂತ ಕೇಳಬೇಡಿ, ಅದು ನೋಡುವುದು ಲೀಕೇಜ್ ಮಾತ್ರ, ಅಂದರೆ ಕರೆಂಟ್ ದಾರಿ ತಪ್ಪಿ ಬೇರೆಲ್ಲೋ ಸೋರುತ್ತಿದೆಯಾ ಅಂತ, ಲೋಡ್ ಎಷ್ಟಾದರೂ ಅದಕ್ಕೇನೂ ಆಗಬೇಕಿಲ್ಲ.

ನನಗೆ ನಿಜವಾಗಿ ಬೆವರು ಬಂದದ್ದು ವೈರಿನ ಲೆಕ್ಕದಲ್ಲಿ. 1.5 ಸ್ಕ್ವೇರ್ ತಾಮ್ರದ ಪಿವಿಸಿ ವೈರು ಪೈಪಿನೊಳಗೆ 17.5 ಆಂಪಿಯರ್ ತಡೆಯುತ್ತದೆ ಅಂತ ವೈರುಗಳ ಲೆಕ್ಕದ ಟೇಬಲ್ಲಿನಲ್ಲಿ ಇದೆ. ಹಾಗಾದರೆ ನಾಲ್ಕೇ ಆಂಪಿಯರ್ ಜಾಸ್ತಿ ಆಯ್ತು, ಅಷ್ಟಕ್ಕೇ ಸುಡುತ್ತಾ ಅಂದೆ. ಆ 17.5 ಸುತ್ತಲಿನ ಬಿಸಿ 30 ಡಿಗ್ರಿ ಇದ್ದಾಗ, ಪೈಪಿನಲ್ಲಿ ಅದೊಂದೇ ಲೈನು ಇದ್ದಾಗ ಮಾತ್ರವಂತೆ. ನಮ್ಮ ಪೈಪು ಹೋಗಿದ್ದು ಬಿಸಿಲಿಗೆ ಕಾಯುವ ತಾರಸಿಯ ಕಾಂಕ್ರೀಟಿನಲ್ಲಿ. 50 ಡಿಗ್ರಿ ಅಂತ ಹಿಡಿದರೆ 0.71ರಿಂದ ಗುಣಿಸಬೇಕು. ಅದೇ ಪೈಪಿನಲ್ಲಿ ಗೀಸರಿನದು, ಎಸಿಯದು ಸೇರಿ ಮೂರು ಲೈನು, ಎಲ್ಲವೂ ಒಟ್ಟಿಗೆ ಓಡಿದರೆ ಇನ್ನೊಮ್ಮೆ 0.70. ಗುಣಿಸಿ ನೋಡಿ. 8.7 ಆಂಪಿಯರ್. ಇಂಡಕ್ಷನ್ ಒಂದಕ್ಕೇ ಸರಿಹೋಯಿತು! ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಎರಡು ಪಟ್ಟು ಕರೆಂಟಿಗೆ ನಾಲ್ಕು ಪಟ್ಟು ಬಿಸಿ. ನಾವು ಸುಮಾರು ಎರಡೂವರೆ ಪಟ್ಟು ಎಳೆದಿದ್ದೆವು, ಆರು ಪಟ್ಟು ಬಿಸಿ. ಆ ಕೋಟಿಂಗ್ ತಡೆಯುವುದೇ 70 ಡಿಗ್ರಿ ತನಕ.

ಇನ್ನೂ ಒಂದು ಲೆಕ್ಕ. ಡಿಬಿಯಿಂದ (ಎಂಸಿಬಿಗಳೆಲ್ಲ ಇರುವ ಡಬ್ಬಿ) ಅಡುಗೆಮನೆಗೆ 20 ಮೀಟರ್, ಹೋಗಿ ಬರುವುದಕ್ಕೆ 40. 1.5 ಸ್ಕ್ವೇರ್ ವೈರಿಗೆ ಕಿಲೋಮೀಟರಿಗೆ 12.1 ಓಮ್, ಅಲ್ಲಿಗೆ ಸುಮಾರು ಅರ್ಧ ಓಮ್. 21.4 ಆಂಪಿಯರ್ ಹೋದರೆ ವೈರಿನಲ್ಲೇ 220 ವ್ಯಾಟ್ ಸುಡುತ್ತದೆ. ಗೋಡೆಯೊಳಗೆ ಒಂದು ಪುಟ್ಟ ಹೀಟರ್ ಹೂತಿಟ್ಟ ಹಾಗೆ, ಅಲ್ವಾ.

ನೀವೇ ವೈರು ಕೀಳಿ ಅಂತ ನಾನು ಹೇಳುತ್ತಿಲ್ಲ, ಆದರೆ ಎಲೆಕ್ಟ್ರಿಷಿಯನ್ ಎಂಸಿಬಿ ದೊಡ್ಡದು ಮಾಡೋಣ ಅಂದರೆ "ಈ ಲೈನಿನ ವೈರು ಎಷ್ಟು ಸ್ಕ್ವೇರು, ಪೈಪಿನಲ್ಲಿ ಎಷ್ಟು ಲೈನಿದೆ" ಅಂತ ಕೇಳಿ. ಉತ್ತರ ಬರದಿದ್ದರೆ ಬೇಡ ಅನ್ನಿ. ಎಂಸಿಬಿ ಇರುವುದು ವೈರನ್ನು ಕಾಯಲಿಕ್ಕೆ, ಹಾಗಾಗಿ ವೈರು ತಡೆಯುವುದಕ್ಕಿಂತ ಅದು ಚಿಕ್ಕದೇ ಇರಬೇಕು. ವೈರು ಬದಲಾಯಿಸುವುದಾದರೆ ನ್ಯೂಟ್ರಲ್ ಕೂಡ ಅಷ್ಟೇ ದಪ್ಪದ್ದು ಹಾಕಿಸಿ, ಫೇಸಿನಲ್ಲಿ ಹೋದ ಕರೆಂಟೇ ಅದರಲ್ಲಿ ವಾಪಸ್ ಬರುವುದು. ಉಳಿತಾಯ ಅಂತ ಹಳೇ ನ್ಯೂಟ್ರಲನ್ನೇ ಬಿಡುವವರು ಇದ್ದಾರೆ.

ಈಗ ಇಂಡಕ್ಷನ್ನಿಗೆ ಬೇರೆಯೇ ಲೈನು, ತಾರಸಿ ಬಿಟ್ಟು ಗೋಡೆಯ ಮೇಲೆ ಪೈಪು, 4 ಸ್ಕ್ವೇರ್ ವೈರು, ಪ್ಲಗ್ ಪಾಯಿಂಟ್ 16 ಆಂಪಿಯರಿನದು ಆದ್ದರಿಂದ ಎಂಸಿಬಿಯೂ 16. 2.5 ಸಾಕಿತ್ತು, ನಾನೇ ಹೆದರಿ 4 ಹಾಕಿಸಿದೆ. ಹಳೇ ವೈರು ಎಳೆದರೆ ಪೈಪಿನೊಳಗೆ ಅಂಟಿಕೊಂಡು ಬರಲೇ ಇಲ್ಲ. ಪಕ್ಕದಲ್ಲಿದ್ದ ಗೀಸರ್ ವೈರಿನ ಕೋಟಿಂಗೂ ಅದರ ಬಿಸಿಗೆ ಮೆತ್ತಗಾಗಿತ್ತು. ಪಾಪ, ಆ ಲೈನಿನಲ್ಲಿ ಏನೂ ದೋಷ ಇರಲಿಲ್ಲ. ಅದನ್ನೂ ಹೊಸದಾಗಿ ಎಳೆಸಬೇಕಾಯಿತು.