ಐಓರಿಮ್ಯಾಪ್ ಕೈಯಾರೆ ಮಾಡೋದಾ, ಡೆವ್‌ಎಂಗೆ ಬಿಡೋದಾ?

ಲಿನಕ್ಸ್ ಕರ್ನಲ್ಲಿಗೆ ಡ್ರೈವರ್ ಬರೆಯುವಾಗ ಡಿವೈಸಿನ ರಿಜಿಸ್ಟರುಗಳನ್ನು ಮುಟ್ಟಲು ಅವಕ್ಕೆ ಕರ್ನಲ್ ವಿಳಾಸ ಕೊಡಿಸಬೇಕು, ಅದೇ ಐಓರಿಮ್ಯಾಪ್. ಕೆಲಸ ಮುಗಿದಾಗ ಅದನ್ನು ನಾವೇ ಬಿಡಿಸಬಹುದು, ಇಲ್ಲಾ ತಾನೇ ಬಿಡಿಸುವ ಡೆವ್‌ಎಂ ಅನ್ನುವ ಕರ್ನಲ್ ಸೌಲಭ್ಯಕ್ಕೆ ಬಿಡಬಹುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೆವ್‌ಎಂಗೆ. ಅಲ್ಲಿಗೆ ತಲುಪೋಕೆ ಮೂರು ವಾರ ನಿದ್ದೆ ಕೆಟ್ಟಿತು. ಅದೂ ಡೆವ್‌ಎಂ ಬಳಸದೆ ಅಲ್ಲ, ಅರ್ಧಂಬರ್ಧ ಬಳಸಿ.

ನನ್ನ ಹತ್ತಿರ ಬೋರ್ಡ್ ಗೀರ್ಡ್ ಏನೂ ಇಲ್ಲ. ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್, ಅದರ ಮೇಲೆ ಕ್ಯೂಎಮು, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮೆಷಿನ್) ನಡೆಸುವ ಪ್ರೋಗ್ರಾಂ. ಅದರಲ್ಲಿ 'ಎಡು' ಅಂತ ಒಂದು ಪುಟ್ಟ ಪಿಸಿಐ ಡಿವೈಸ್ ಇದೆ. ಚೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಕರ್ನಲ್ ಪಾಠಕ್ಕೆ ಅಂತ ಬರೆದದ್ದು. 1 ಎಂಬಿ ಮೆಮೊರಿ ಜಾಗ. ಒಂದು ಸಂಖ್ಯೆ ಕೊಟ್ಟರೆ ಫ್ಯಾಕ್ಟೋರಿಯಲ್ ಲೆಕ್ಕ ಹಾಕುತ್ತದೆ, ಬೇಕಾದರೆ ಮುಗಿದಾಗ ಇಂಟರಪ್ಟ್ ಕೊಡುತ್ತದೆ, ಅಂದರೆ ಸಿಪಿಯುವನ್ನು ತಟ್ಟಿ ಕರೆಯುತ್ತದೆ. ಕಲಿಯೋಕೆ ಇಷ್ಟು ಸಾಕು. ಕೆಟ್ಟರೆ ವರ್ಚುವಲ್ ಮೆಷಿನ್ ಸಾಯುತ್ತದೆ, ಲ್ಯಾಪ್‌ಟಾಪ್ ಅಲ್ಲ.

ಇದಕ್ಕೆ ಒಂದೇ ಡ್ರೈವರನ್ನು ಮೂರು ಸಲ ಬರೆದೆ. ಒಂದು, ಎಲ್ಲ ಕೈಯಾರೆ. ಎರಡು, ಡೆವ್‌ಎಂ ಮತ್ತು ಅದರ ಪಿಸಿಐ ತಮ್ಮ ಪಿಸಿಐಎಂ. ಮೂರು, ಸಿ ಬದಲು ರಸ್ಟ್ ಭಾಷೆಯಲ್ಲಿ.

ಕೈಯಾರೆ ಅಂದರೆ ಗೊತ್ತಲ್ಲ. ಡಿವೈಸ್ ಎಬ್ಬಿಸು, ಜಾಗ ನನ್ನ ಹೆಸರಿಗೆ ಕಾದಿರಿಸು, ಐಓರಿಮ್ಯಾಪ್ ಮಾಡು, ಐಆರ್‌ಕ್ಯೂ (ಇಂಟರಪ್ಟ್ ಲೈನ್) ಕೇಳು. ಮಧ್ಯೆ ಯಾವುದು ಕೈಕೊಟ್ಟರೂ ಅಲ್ಲಿಯವರೆಗೆ ತಗೊಂಡದ್ದನ್ನೆಲ್ಲ ಹಿಂದಿನಿಂದ ವಾಪಸ್ ಕೊಡು. ಅದಕ್ಕೆ ಫಂಕ್ಷನ್ನಿನ ಬುಡದಲ್ಲಿ, ಸೋತ ಕಡೆಯಿಂದ ಜಿಗಿದು ಬರುವ ಗೋಟು ಲೇಬಲ್‌ಗಳ ಏಣಿ. ನಾನು ಏಣಿಯ ಒಂದು ಮೆಟ್ಟಿಲು ತಪ್ಪಿಸಿದ್ದೆ. ಐಆರ್‌ಕ್ಯೂ ಸಿಗದೆ ಪ್ರೋಬ್ (ಡ್ರೈವರ್ ಡಿವೈಸಿಗೆ ಅಂಟಿಕೊಳ್ಳುವಾಗ ಓಡುವ ಫಂಕ್ಷನ್) ಸೋತಾಗ ಜಾಗ ಬಿಡುಗಡೆ ಆಗಲೇ ಇಲ್ಲ. ಮುಂದಿನ ಸಲ ಮಾಡ್ಯೂಲ್ (ಡ್ರೈವರಿನ ಫೈಲು) ಹಾಕಿದರೆ 'ಬಾರ್ 0 ಕಾದಿರಿಸಲು ಆಗಲಿಲ್ಲ' ಅನ್ನುವ ಸಾಲು, ಜೊತೆಗೆ ಮೈನಸ್ 16. ಅಂದರೆ ಬಾರ್ 0, ಡಿವೈಸಿನ ಆ ಮೆಮೊರಿ ಜಾಗ, ಬ್ಯುಸಿ. ಯಾರು ಕೂತಿದ್ದಾರೆ ಅಂತ ನೋಡಿದರೆ ನಾನೇ! ಪ್ರತಿ ಸಲವೂ ವರ್ಚುವಲ್ ಮೆಷಿನ್ ರೀಬೂಟ್.

ಇದು ಬೈದು ಹೇಳುವ ತಪ್ಪು, ಒಳ್ಳೆಯದೇ. ಐಓಅನ್‌ಮ್ಯಾಪ್ ಮರೆತರೆ ಬೈಯೋರೂ ಇಲ್ಲ. ಸುಮ್ನೆ ಸೋರುತ್ತಾ ಇರುತ್ತದೆ. ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಪ್ರಾಕ್ ಫೋಲ್ಡರಿನ ವಿಮ್ಯಾಲಾಕ್‌ಇನ್ಫೋ ಫೈಲ್ ತೆರೆದು ನೋಡಿದಾಗ ನನ್ನ ಹೆಸರಿನ ಐಓರಿಮ್ಯಾಪ್ ಸಾಲುಗಳು ಏಳು ಇದ್ದವು.

ಇಲ್ಲಿಂದ ನಿಜವಾದ ಗೋಳು ಶುರು. ಏಣಿ ಸಾಕಾಗಿ ಐಆರ್‌ಕ್ಯೂ ಒಂದನ್ನು ಮಾತ್ರ ಡೆವ್‌ಎಂಗೆ ಬದಲಾಯಿಸಿದೆ. ಒಂದು ಮೆಟ್ಟಿಲು ಕಡಿಮೆ ಆಯ್ತಲ್ಲ ಅಂತ ಖುಷಿ. ಮ್ಯಾಪ್ ಮಾತ್ರ ಹಳೇ ಹಾಗೆ, ರಿಮೂವ್ (ಡ್ರೈವರ್ ತೆಗೆಯುವಾಗ ಓಡುವ ಫಂಕ್ಷನ್) ಒಳಗೆ ಕೈಯಾರೆ ಬಿಡಿಸುತ್ತಿದ್ದೆ. ಕ್ಯೂಎಮು ಕನ್ಸೋಲಿನಲ್ಲಿ ಕೂತು ಮಾಡ್ಯೂಲ್ ಹಾಕಿ ತೆಗೆದರೆ ಎಲ್ಲ ಸರಿ. ಎಸ್‌ಎಸ್‌ಎಚ್‌ನಿಂದ, ಅಂದರೆ ನೆಟ್‌ವರ್ಕ್ ಮೂಲಕ, ಒಳಗೆ ಹೋಗಿ ತೆಗೆದರೆ ಆಗಾಗ ಕರ್ನಲ್ ಪ್ಯಾನಿಕ್, ಇಡೀ ವರ್ಚುವಲ್ ಮೆಷಿನ್ ಸ್ತಬ್ಧ. ಅದೇ ಕೋಡ್, ಅದೇ ಕಮಾಂಡ್. ಎಸ್‌ಎಸ್‌ಎಚ್‌ಗೂ ಫ್ಯಾಕ್ಟೋರಿಯಲ್ ಡಿವೈಸಿಗೂ ಏನು ಸಂಬಂಧ ಹೇಳಿ?

ಎರಡು ವಾರ ನನ್ನ ರಿಜಿಸ್ಟರ್ ಲೆಕ್ಕವನ್ನೇ ಅನುಮಾನಿಸಿದೆ. ಕೊನೆಗೆ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಹಿರಿಯರೊಬ್ಬರಿಗೆ ತೋರಿಸಿದೆ.

"ಐಆರ್‌ಕ್ಯೂ ಯಾವಾಗ ಬಿಡ್ತೀಯಪ್ಪಾ?" ಅಂದರು.

"ರಿಮೂವ್ ಮುಗಿದ ಮೇಲೆ ಸಾರ್, ಡೆವ್‌ಎಂ ತಾನೇ ಬಿಡುತ್ತೆ."

"ಮ್ಯಾಪು?"

"ರಿಮೂವ್ ಒಳಗೆ..." ಅಂತ ಹೇಳುವಾಗಲೇ ನನಗೆ ಹೊಳೆಯಿತು. ಅವರು ಕಾಫಿ ಲೋಟ ಎತ್ತಿಕೊಂಡು ಹೋಗಿಬಿಟ್ಟರು.

ಆಗುತ್ತಿದ್ದದ್ದು ಇಷ್ಟು. ಡೆವ್‌ಎಂ ತಾನು ಹಿಡಿದದ್ದನ್ನು ಬಿಡುವುದು ರಿಮೂವ್ ಫಂಕ್ಷನ್ ವಾಪಸ್ ಬಂದ ಮೇಲೆ. ನಾನು ಅದಕ್ಕೂ ಮುಂಚೆಯೇ ಮ್ಯಾಪ್ ಕಿತ್ತುಹಾಕಿದ್ದೆ. ಆ ಮಧ್ಯದ ಚೂರು ಸಮಯದಲ್ಲಿ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ನನ್ನ ಫಂಕ್ಷನ್) ಇನ್ನೂ ಜೀವಂತ. ಮನೆ ಖಾಲಿ ಮಾಡಿ ಓನರಿಗೆ ಕೀ ಕೊಟ್ಟಾಗಿದೆ, ಆದರೆ ಕೊರಿಯರ್ ಹುಡುಗನ ಹತ್ತಿರ ಹಳೇ ವಿಳಾಸವೇ ಇದೆ. ಹಾಗಾಯಿತು.

ಸರಿ, ನನ್ನ ಡಿವೈಸ್ ಸುಮ್ಮನಿತ್ತಲ್ಲ, ಬೆಲ್ ಮಾಡಿದವರು ಯಾರು? ನನ್ನದು ಕ್ಯೂಎಮುವಿನ ಹಳೇ 'ಪಿಸಿ' ಮಾದರಿಯ ಮೆಷಿನ್, ನೆಟ್‌ವರ್ಕ್ ಕಾರ್ಡ್ ಇ1000. ಪ್ರಾಕ್‌ನ ಇಂಟರಪ್ಟ್ಸ್ ಫೈಲ್ ನೋಡಿದರೆ 11ನೇ ಲೈನಿನಲ್ಲಿ ಎರಡು ಹೆಸರು: ನೆಟ್‌ವರ್ಕ್ ಕಾರ್ಡು, ನಾನು. ಲೈನ್ ಹಂಚಿಕೊಂಡಾಗ ಒಬ್ಬರಿಗೆ ಇಂಟರಪ್ಟ್ ಬಂದರೂ ಕರ್ನಲ್ ಎಲ್ಲರ ಹ್ಯಾಂಡ್ಲರ್ ಕರೆಯುತ್ತದೆ, 'ನಿಂದಾ?' ಅಂತ ಕೇಳೋಕೆ. ಉತ್ತರ ಹೇಳಲು ನನ್ನ ಹ್ಯಾಂಡ್ಲರ್ ಸ್ಟೇಟಸ್ ರಿಜಿಸ್ಟರ್ ಓದಬೇಕು. ಅದರ ಮ್ಯಾಪ್ ಹೋಗಿಯಾಗಿದೆ. ಇಲ್ಲದ ವಿಳಾಸ ಓದಿದ್ದಕ್ಕೆ ಪೇಜ್ ಫಾಲ್ಟ್, ಅದೂ ಇಂಟರಪ್ಟ್ ಒಳಗೆ. ಮುಗೀತು ಕಥೆ. ಎಸ್‌ಎಸ್‌ಎಚ್‌ನಲ್ಲಿ ಕೂತಾಗ ಪ್ಯಾಕೆಟ್ಟುಗಳು ಓಡಾಡುತ್ತಿರುತ್ತವೆ, ಅದಕ್ಕೇ ಅಲ್ಲಿ ಮಾತ್ರ ಸಾಯುತ್ತಿತ್ತು. ಮ್ಯಾಪ್ ಬಿಡಿಸಿದ ಮೇಲೆ 'ಹೋಗಿಬರುತ್ತೇನೆ' ಅಂತ ಒಂದು ಪ್ರಿಂಟ್ ಬೇರೆ ಹಾಕಿದ್ದೆ. ಸೀರಿಯಲ್ ಕನ್ಸೋಲಿಗೆ ಬರೆಯುವುದು ನಿಧಾನ. ಆ ಕಿಂಡಿಯನ್ನು ಇನ್ನಷ್ಟು ಅಗಲ ಮಾಡಿದ್ದು ನಾನೇ.

ಇದನ್ನು ಮೊದಲ ದಿನವೇ ಹಿಡಿಯಬಹುದಿತ್ತು. ಕರ್ನಲ್ ಕಾನ್ಫಿಗ್‌ನಲ್ಲಿ 'ಡೀಬಗ್ ಎಸ್‌ಎಚ್‌ಐಆರ್‌ಕ್ಯೂ' ಅಂತ ಒಂದಿದೆ. ಹಂಚಿಕೊಂಡ ಐಆರ್‌ಕ್ಯೂ ಬಿಡುವಾಗ ಬೇಕಂತಲೇ ಹ್ಯಾಂಡ್ಲರನ್ನು ಒಂದು ಸಲ ಹೆಚ್ಚಿಗೆ ಕರೆಯುತ್ತದೆ. ಅದನ್ನು ಆನ್ ಮಾಡಿದೆ. ಆಗಾಗ ಬರುತ್ತಿದ್ದ ಪ್ಯಾನಿಕ್ ಪ್ರತಿ ಸಲವೂ ಬಂತು.

ಆಮೇಲೆ ಪೂರ್ತಿ ಡೆವ್‌ಎಂ, ಪಿಸಿಐಎಂಗೆ ಹೋದೆ. ಎಬ್ಬಿಸುವುದು, ಕಾದಿರಿಸಿ ಮ್ಯಾಪ್ ಮಾಡುವುದು, ಎರಡಕ್ಕೂ ಪಿಸಿಐಎಂ ಕರೆಗಳು, ಐಆರ್‌ಕ್ಯೂಗೆ ಡೆವ್‌ಎಂ ಕರೆ. ಬಿಡುವಾಗ ಹಿಡಿದದ್ದರ ಉಲ್ಟಾ ಕ್ರಮ: ಮೊದಲು ಐಆರ್‌ಕ್ಯೂ, ಆಮೇಲೆ ಮ್ಯಾಪ್, ಕೊನೆಗೆ ಡಿವೈಸ್. ಗೋಟು ಏಣಿ ಮಾಯ. ಪ್ರೋಬ್ ಎಲ್ಲಿ ಸೋತರೂ ಎರರ್ ವಾಪಸ್ ಕೊಟ್ಟರೆ ಸಾಕು. ಇದೇನು ಹೊಸದಲ್ಲ, ತೇಜುನ್ ಹಿಯೋ 2007ರಲ್ಲೇ ಕರ್ನಲ್‌ಗೆ ತಂದದ್ದು, 2.6.21ರಲ್ಲಿ. ಕರ್ನಲ್ಲಿನ, ವರ್ಚುವಲ್ ಡಿವೈಸುಗಳಿಗೆ ಅಂತ ಇರುವ 'ವರ್ಟ್‌ಐಓ ಎಂಎಂಐಓ' ಡ್ರೈವರ್ ಕೂಡ ತನ್ನ ಮ್ಯಾಪಿಗೆ ಡೆವ್‌ಎಂ ಕರೆಯನ್ನೇ ಬಳಸುತ್ತದೆ. ಒಂದು ಕಿರಿಕಿರಿ ಅಂದರೆ ಹಳೇ ಪಾಠಗಳಲ್ಲಿ ಸಿಗುವ 'ಪಿಸಿಐಎಂ ಐಓಮ್ಯಾಪ್ ಟೇಬಲ್' 2024ರಿಂದ ಬಳಸಬೇಡಿ ಅನ್ನುವ ಪಟ್ಟಿಗೆ ಸೇರಿದೆ. ಈಗ ಪಾಯಿಂಟರನ್ನು ನೇರ ಕೈಗೆ ಕೊಡುವ 'ಪಿಸಿಐಎಂ ಐಓಮ್ಯಾಪ್ ರೀಜನ್' ಇದೆ, ಅದನ್ನು ಬಳಸಿ.

ವೇಗದಲ್ಲಿ ಮೂರೂ ಒಂದೇ. ರಿಜಿಸ್ಟರ್ ಓದಿದಾಗಲೆಲ್ಲ ಗೆಸ್ಟ್‌ನಿಂದ (ವರ್ಚುವಲ್ ಮೆಷಿನ್ನಿನಿಂದ) ಹೊರಗೆ ಬಿದ್ದು, ಲ್ಯಾಪ್‌ಟಾಪಿನ ಕರ್ನಲ್ಲಿನ ಕೆವಿಎಂ ಮೂಲಕ ಕ್ಯೂಎಮುವಿನ ಹತ್ತಿರ ಹೋಗಿ ಬರಬೇಕು. ಆ ಓಡಾಟದ ಮುಂದೆ ಉಳಿದದ್ದು ಲೆಕ್ಕಕ್ಕಿಲ್ಲ.

ರಸ್ಟ್ ಬಗ್ಗೆ ಹೇಳಲೇಬೇಕು. 2025ರ 6.14 ಕರ್ನಲ್‌ನಲ್ಲಿ ಪಿಸಿಐ ಡ್ರೈವರಿನ ಒಂದು ನಮೂನೆ ಬಂತು, ಕ್ಯೂಎಮುವಿನ ಪಿಸಿಐ-ಟೆಸ್ಟ್‌ಡೆವ್ ಮೇಲೆ ಓಡುತ್ತದೆ. ಅದನ್ನೇ ನೋಡಿ ನನ್ನದು ಬರೆದೆ. ಅಲ್ಲಿ ಮ್ಯಾಪ್ ಒಂದು ಡೆವ್‌ರೆಸ್ ಡಬ್ಬಿಯೊಳಗೆ ಕೂತಿರುತ್ತದೆ. ಡಿವೈಸ್ ಹೋದ ಮೇಲೆ ಕೇಳಿದರೆ 'ಇಲ್ಲ' ಅನ್ನುತ್ತದೆ, ಪ್ಯಾನಿಕ್ ಆಗೋಲ್ಲ. ಡೆವ್‌ಎಂನಲ್ಲಿ ಇದಿಲ್ಲ. ಪ್ರೋಗ್ರಾಂಗಳು ಡ್ರೈವರಿನ ಜೊತೆ ಮಾತಾಡುವ ನನ್ನ ಕ್ಯಾರೆಕ್ಟರ್ ಡಿವೈಸ್ ಫೈಲನ್ನು ಒಂದು ಪ್ರೋಗ್ರಾಂ ತೆರೆದಿಟ್ಟುಕೊಂಡಿರುವಾಗ ಮಾಡ್ಯೂಲ್ ತೆಗೆಯೋಕೆ ಕರ್ನಲ್ ಬಿಡೋಲ್ಲ, ಸರಿ. ಆದರೆ ಸಿಸ್‌ಎಫ್‌ಎಸ್‌ನಿಂದ (ಕರ್ನಲ್ ತೆರೆದಿಡುವ ನಿಯಂತ್ರಣ ಫೈಲುಗಳಿಂದ) ಅನ್‌ಬೈಂಡ್ ಮಾಡಿದರೆ, ಅಂದರೆ ಮಾಡ್ಯೂಲ್ ಇಟ್ಟುಕೊಂಡೇ ಡ್ರೈವರನ್ನು ಡಿವೈಸಿನಿಂದ ಬಿಡಿಸಿದರೆ, ರಿಮೂವ್ ನಡೆದೇ ನಡೆಯುತ್ತದೆ. ಮ್ಯಾಪ್ ಹೋಗುತ್ತದೆ, ಫೈಲ್ ತೆರೆದೇ ಇರುತ್ತದೆ. ಆಮೇಲೆ ಅದರಿಂದ ಓದಿದರೆ ಮತ್ತೆ ಅದೇ ಪೇಜ್ ಫಾಲ್ಟ್. ಈ ಒಂದು ವಿಷಯದಲ್ಲಿ ರಸ್ಟ್ ನಿಜಕ್ಕೂ ಮುಂದು.

ಆದರೂ ನನಗೆ ಅದು ಆಗಿಬರಲಿಲ್ಲ. ರಸ್ಟ್ ಆನ್ ಮಾಡಿ ಕರ್ನಲ್ ಕಟ್ಟಲು ಕೂತರೆ ಈ ಲ್ಯಾಪ್‌ಟಾಪ್ ಫ್ಯಾನ್ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಒಂದು ರಾತ್ರಿ ಮಳೆಗೆ ಕರೆಂಟ್ ಹೋಯಿತು, ಹಳೇ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲಲಿಲ್ಲ, ಬಿಲ್ಡ್ ಅರ್ಧಕ್ಕೇ ನಿಂತಿತು. 16 ಜಿಬಿ ಮೆಷಿನ್ನೂ ಯುಪಿಎಸ್ಸೂ ಇರುವವರು ಖಂಡಿತ ಅದನ್ನೇ ನೋಡಿ. ನಾನು ಊಟ ಆದ ಮೇಲೆ ಒಂದೂವರೆ ಗಂಟೆ ಕೂರುವವನು. ಸಿ ಮಾಡ್ಯೂಲ್ ಒಂದು ನಿಮಿಷದೊಳಗೆ ಕಟ್ಟಿಕೊಳ್ಳುತ್ತದೆ.

ತೆರೆದ ಫೈಲಿನ ಸಮಸ್ಯೆಗೆ ಸದ್ಯಕ್ಕೆ ಒಂದು ಲಾಕು, 'ಡಿವೈಸ್ ಹೋಯಿತು' ಅನ್ನುವ ಒಂದು ಫ್ಲ್ಯಾಗು ಇಟ್ಟಿದ್ದೇನೆ. ಓದುವ ಮುಂಚೆ ಲಾಕ್ ಹಿಡಿದು ಫ್ಲ್ಯಾಗ್ ನೋಡಬೇಕು. ಅದನ್ನು ಬಿಟ್ಟರೆ ರಿಮೂವ್‌ನಲ್ಲಿ ಎರಡೇ ಸಾಲು: ಹೆಕ್ಸ್ 20ರ ಸ್ಟೇಟಸ್‌ನಲ್ಲಿ ಇಂಟರಪ್ಟ್ ಬಿಟ್ ಆಫ್ ಮಾಡುವುದು, ಬಾಕಿ ಉಳಿದದ್ದಕ್ಕೆ ಹೆಕ್ಸ್ 64ರಲ್ಲಿ ಅಕ್ ('ನೋಡಿದೆ' ಅನ್ನುವ ಉತ್ತರ) ಬರೆಯುವುದು. 'ಹೋಗಿಬರುತ್ತೇನೆ' ಪ್ರಿಂಟ್ ತೆಗೆದುಹಾಕಿದೆ.