ಆರು ಸ್ನೇರ್, ನಾಲ್ಕು ಹಾಡು: ಯಾವುದು ಎಲ್ಲಿ ಕೂತಿತು

ಡ್ರಮ್ ಸೆಟ್ಟಿನಲ್ಲಿ 'ಪಟ್' ಅನ್ನುವ, ಕೆಳಗಡೆ ತಂತಿ ಕಟ್ಟಿದ ಡ್ರಮ್ಮೇ ಸ್ನೇರ್. ಹಾಡಿಗೆ ಒಂದು ಸ್ನೇರ್ ಆರಿಸಬೇಕಾದಾಗ ನಮ್ಮಲ್ಲಿ ಬಹಳಷ್ಟು ಜನ ಮಾಡುವುದು ಇಷ್ಟೇ: ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಹೊಡೆತ) ಫೋಲ್ಡರ್ ತೆರೆಯುವುದು, ಒಂದೊಂದೇ ಫೈಲ್ ಒತ್ತಿ ಕೇಳುವುದು, ಯಾವುದು 'ಪಟಾರ್' ಅಂತ ಕಿವಿಗೆ ಬಡಿಯಿತೋ ಅದನ್ನು ಎಳೆದು ಹಾಡಿಗೆ ಹಾಕುವುದು. ಹೀಗೆ ಒಂಟಿಯಾಗಿ ಕೇಳಿದರೆ ಗೆಲ್ಲುವುದು ಯಾವಾಗಲೂ ಹೆಚ್ಚು ಜೋರಾದ, ಹೆಚ್ಚು ಚುರುಕಾದ ಸ್ನೇರ್. ಗಿಟಾರ್, ತಬಲಾ, ದನಿ ಎಲ್ಲ ಸೇರಿಕೊಂಡ ಮೇಲೆ ಅದೇ ಸ್ನೇರ್ ಒಂದೋ ಕಾಣೆಯಾಗುತ್ತದೆ, ಇಲ್ಲವೇ ಹಾಡುವವರ ಮೇಲೆ ಜಗಳಕ್ಕೆ ಹೋಗುತ್ತದೆ.

ನನ್ನ ಕೈಯಲ್ಲಿ ಮಿಕ್ಸಿಂಗಿಗೆ ಬಂದಿದ್ದ ನಾಲ್ಕು ಬೇರೆ ಬೇರೆ ಜಾತಿಯ ಹಾಡುಗಳಲ್ಲಿ ಆರು ಸ್ನೇರ್‌ಗಳನ್ನು ಒಂದಾದ ಮೇಲೊಂದು ಕೂರಿಸಿ ನೋಡಿದೆ. ಕಟ್ಟುಪಾಡು ಎರಡೇ. ಎಲ್ಲ ಸ್ನೇರ್‌ಗಳ ಜೋರನ್ನು ಮೊದಲೇ ಸರಿಸಮ ಮಾಡಿಕೊಳ್ಳಬೇಕು. ಅರ್ಧ ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಹೆಚ್ಚಿದ್ದರೂ ಕಿವಿ ಅದನ್ನೇ 'ಚೆನ್ನಾಗಿದೆ' ಅಂದುಬಿಡುತ್ತದೆ. ಮತ್ತೆ, ಒಂದೇ ವಾದ್ಯವನ್ನು ಒಂಟಿಯಾಗಿ ಕೇಳಿಸುವ ಸೋಲೋ ಬಟನ್ ಮುಟ್ಟಬಾರದು. ಈಕ್ಯೂ (ಸದ್ದಿನ ಮೇಲು-ಕೆಳಗಿನ ಮಟ್ಟಗಳನ್ನು ಏರಿಸಿಳಿಸುವುದು), ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ಕುಗ್ಗಿಸುವುದು), ರಿವರ್ಬ್ (ಕೋಣೆಯ ಮೊಳಗು) ಎಲ್ಲ ಆಮೇಲೆ.

ಮೂರು ನಿಜವಾದ ಡ್ರಮ್‌ಗಳ ಸ್ಯಾಂಪಲ್, ಮೂರು ಡ್ರಮ್ ಮಷೀನ್‌ನವು. ಲಡ್ವಿಗ್ ಸುಪ್ರಾಫೋನಿಕ್: 14 ಇಂಚು ಅಗಲ, 5 ಇಂಚು ಆಳ, ಕ್ರೋಮ್ ಲೇಪಿಸಿದ ಅಲ್ಯೂಮಿನಿಯಂ ಶೆಲ್ (ಡ್ರಮ್ಮಿನ ಸುತ್ತುಗೋಡೆ), 1960ರ ದಶಕದಿಂದ ಲೆಕ್ಕವಿಲ್ಲದಷ್ಟು ರೆಕಾರ್ಡಿಂಗ್‌ಗಳಲ್ಲಿ ಕೇಳಿರುವ ಸದ್ದು. ಅದೇ ಕಂಪನಿಯ ಬ್ಲ್ಯಾಕ್ ಬ್ಯೂಟಿ: ಹಿತ್ತಾಳೆ ಶೆಲ್, ಮೇಲೆ ಕಪ್ಪು ನಿಕಲ್, ನಾನು ಬಳಸಿದ್ದು ಆರೂವರೆ ಇಂಚು ಆಳದ್ದು. ಮೂರನೆಯದು ಮೇಪಲ್ ಮರದ್ದು, ಹೆಡ್ (ಹೊಡೆಯುವ ಹೊದಿಕೆ) ಸಡಿಲ ಬಿಟ್ಟು, ಮೇಲೆ ಟೇಪ್ ಅಂಟಿಸಿ ರಿಂಗ್ (ಹೊಡೆತದ ನಂತರ ಉಳಿಯುವ ಗುಂಯ್ ಸದ್ದು) ಕೊಂದದ್ದು; ಹೊಡೆದರೆ 'ದಬ್', ಅಷ್ಟೇ. ಮಷೀನ್‌ಗಳಲ್ಲಿ ರೋಲ್ಯಾಂಡ್ ಟಿಆರ್-808 (1980), ಲಿನ್‌ಡ್ರಮ್ (1982), ಟಿಆರ್-909 (1983). 808 ಮತ್ತು 909ರ ಸ್ನೇರ್ ಪೂರ್ತಿ ಅನಲಾಗ್, ಅಂದರೆ ರೆಕಾರ್ಡಿಂಗ್ ಅಲ್ಲ, ಸರ್ಕ್ಯೂಟೇ ಹುಟ್ಟಿಸುವ ಸದ್ದು. ಸ್ವರ ಹುಟ್ಟಿಸುವ ಆಸಿಲೇಟರ್‌ನಿಂದ ಮೈ, ರೇಡಿಯೋ ಕರಕರದಂಥ ವೈಟ್ ನಾಯ್ಸ್‌ನಿಂದ ಕೆಳಗಿನ ತಂತಿಗಳ 'ಸರ್' ಸದ್ದು. ಲಿನ್‌ಡ್ರಮ್‌ದು ಮಾತ್ರ ನಿಜವಾದ ಡ್ರಮ್ಮಿನ 8-ಬಿಟ್ ಸ್ಯಾಂಪಲ್.

ಮೊದಲು ರಾಕ್ ಹಾಡು. ವೇಗ 148 ಬಿಪಿಎಂ (ನಿಮಿಷಕ್ಕೆ 148 ಬೀಟ್), ಎಡಕ್ಕೊಂದು ಬಲಕ್ಕೊಂದು ಡಿಸ್ಟಾರ್ಷನ್ ಗಿಟಾರ್. ಲೆಕ್ಕ ಹಾಕಿದರೆ ಒಂದು ಬೀಟ್‌ಗೆ ಸುಮಾರು 405 ಮಿಲಿಸೆಕೆಂಡ್. ಸ್ನೇರ್ ಬೀಳುವುದು ಎರಡನೇ, ನಾಲ್ಕನೇ ಬೀಟಿಗೆ, ಹಾಗಾಗಿ ಒಂದು ಸ್ನೇರ್ ಹೊಡೆತದಿಂದ ಮುಂದಿನದಕ್ಕೆ ಅದರ ಎರಡರಷ್ಟು. ಇಷ್ಟು ವೇಗಕ್ಕೆ ಸದ್ದು ಬೇಗ ಆರುವ ಗಿಡ್ಡ ಸ್ನೇರೇ ಸರಿ ಅಂತ ಯಾರಿಗಾದರೂ ಅನಿಸುತ್ತದೆ. ಆಗಿದ್ದು ತಿರುಗಾಮುರುಗಾ. ಗಿಟಾರ್ ಗೋಡೆ ಸ್ನೇರ್‌ನ ಹಿಂದಿನ ಅರ್ಧವನ್ನು ಪೂರ್ತಿ ನುಂಗಿಹಾಕುತ್ತದೆ, ಉಳಿಯುವುದು ಮುಂದಿನ ತುದಿ ಮಾತ್ರ. ಹಾಗಾಗಿ ಒಂಟಿಯಾಗಿ ಉದ್ದವೆನಿಸಿದ್ದ ಬ್ಲ್ಯಾಕ್ ಬ್ಯೂಟಿ ಇಲ್ಲಿ ಹದವಾಗಿ ಕೇಳಿತು, ಮೇಪಲ್ ಪತ್ತೆಯೇ ಇಲ್ಲ, 909ರ ನಾಯ್ಸ್ ಗಿಟಾರ್‌ನ 'ಶ್ಶ್'ನೊಳಗೆ ಸೇರಿ ಕರಗಿಹೋಯಿತು. ಸುಪ್ರಾಫೋನಿಕ್ ಎರಡನೇ ಸ್ಥಾನ; ಆದರೆ ಡ್ರಮ್ಮರ್ ಉರುಳಿಕೆ (ರೋಲ್) ಬಾರಿಸುವ ಕಡೆ, ಎರಡು ಹೊಡೆತಗಳ ನಡುವೆ ಸಣ್ಣ ಸಣ್ಣ ಗೋಸ್ಟ್ ನೋಟ್ (ಕೇಳಿಯೂ ಕೇಳದಂತೆ ಮೆಲ್ಲಗೆ ಬೀಳುವ ಹೊಡೆತ) ಇರುವ ಕಡೆ ಅದೇ ಮುಂದೆ. ಬ್ಲ್ಯಾಕ್ ಬ್ಯೂಟಿಯಲ್ಲಿ ಆ ಗೋಸ್ಟ್ ನೋಟ್‌ಗಳು ಕಲಸಿಕೊಳ್ಳುತ್ತವೆ.

ಇದರಿಂದ ಅಲ್ಯೂಮಿನಿಯಂ ತೆಳು, ಹಿತ್ತಾಳೆ ದಪ್ಪ ಅನ್ನುವ ತೀರ್ಮಾನಕ್ಕೆ ಬರಬೇಡಿ. ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಜಾನ್ ಬೋನಮ್ ಬಾರಿಸುತ್ತಿದ್ದದ್ದು ಇದೇ ಸುಪ್ರಾಫೋನಿಕ್‌ನ ಆರೂವರೆ ಇಂಚಿನ ಅಣ್ಣ. ಅದರಷ್ಟು ದಪ್ಪ ಸ್ನೇರ್ ಇನ್ನೊಂದು ತೋರಿಸಿ ನೋಡೋಣ. ಲೋಹಕ್ಕಿಂತ ಆಳ, ಟ್ಯೂನಿಂಗ್ ಮತ್ತು ಬಾರಿಸುವ ಕೈ ಹೆಚ್ಚು ಮಾತಾಡುತ್ತವೆ.

ಭಾವಗೀತೆಯ ವಿಷಯ ಬೇರೆ. ನಾನು ಹೆಚ್ಚು ಹೊತ್ತು ಕಳೆದದ್ದೂ ಅಲ್ಲೇ. ನಿಧಾನದ ಹಾಡು, 76 ಬಿಪಿಎಂ, ತಬಲಾ, ಅಕೌಸ್ಟಿಕ್ ಗಿಟಾರ್, ತೆಳುವಾಗಿ ಸ್ಟ್ರಿಂಗ್ಸ್, ಹೆಣ್ಣು ದನಿ, ಶ್ರುತಿ ಜಿ. ಚರಣದಿಂದ ಸ್ವಲ್ಪ ಡ್ರಮ್ ಬೇಕು ಅಂತ ಸಂಯೋಜಕರ ಆಸೆ. ಮೊದಲು ಸುಪ್ರಾಫೋನಿಕ್ ಹಾಕಿದಾಗ ಏನೋ ಹುಳಿ ಹುಳಿ. ಹಾಡುಗಾರ್ತಿ ಶ್ರುತಿ ತಪ್ಪಿದ್ದಾರಾ ಅಂತ ಅನುಮಾನ ಬರುವಷ್ಟು. ಸದ್ದಿನ ಸ್ವರಮಟ್ಟ ತೋರಿಸುವ ಅನಲೈಸರ್ ತೆರೆದು ನೋಡಿದರೆ ಸ್ನೇರ್‌ನ ರಿಂಗ್ ನಿಂತಿದ್ದದ್ದು 208 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಜಿ ಶಾರ್ಪ್. ಷಡ್ಜ ಜಿ, 196 ಹರ್ಟ್ಸ್. ತಬಲಾದ ದಾಯಾಂ (ಬಲಗೈಯ ಡ್ರಮ್) ಅಚ್ಚುಕಟ್ಟಾಗಿ ಷಡ್ಜಕ್ಕೆ ಕೂತಿರುವಾಗ ಪಕ್ಕದಲ್ಲೇ ಅರ್ಧ ಸ್ವರ ಮೇಲೆ ಇನ್ನೊಂದು ಸದ್ದು ಗುಂಯ್‌ಗುಡುತ್ತಿದ್ದರೆ ಯಾವ ಹಾಡು ತಾನೇ ಶ್ರುತಿಯಲ್ಲಿದೆ ಅನಿಸೀತು? ರಾಕ್ ಹಾಡಿನಲ್ಲಿ ಯಾರೂ ಗಮನಿಸದ ರಿಂಗ್ ಇದು. ಅಲ್ಲಿ ಗಿಟಾರ್ ಅದನ್ನು ಮುಚ್ಚಿಹಾಕುತ್ತದೆ, ಇಲ್ಲಿ ಮುಚ್ಚುವವರಿಲ್ಲ.

ಸ್ಯಾಂಪಲ್‌ನ ಪಿಚ್ ಅರ್ಧ ಸ್ವರ ಇಳಿಸಿದೆ, ಹುಳಿ ಹೋಯಿತು. ಆದರೆ ಇನ್ನೊಂದು ತಕರಾರು ಉಳಿಯಿತು: ಅಕ್ಷರಗಳು. ಸ್ನೇರ್‌ನ ತಂತಿ ಸದ್ದು ಹೆಚ್ಚಾಗಿ 5ರಿಂದ 10 ಕಿಲೋಹರ್ಟ್ಸ್‌ನಲ್ಲಿರುತ್ತದೆ. ನಮ್ಮ ಸ, ಶ, ಚ ಎಲ್ಲ ಬದುಕುವುದೂ ಅಲ್ಲೇ. ಈ ಹಾಡಿನಲ್ಲಿ 'ಮುಚ್ಚಿ' ಎಂಬ ಪದದ 'ಚ್ಚಿ' ಸರಿಯಾಗಿ ಎರಡನೇ ಬೀಟಿನ ಮೇಲೆ ಬರುತ್ತದೆ. 909 ಹಾಕಿದರೆ ಅದು 'ಮು... ಇ' ಅಂತ ಕೇಳುತ್ತದೆ. ಲಿನ್‌ಡ್ರಮ್ ಹಾಕಿದರೂ ಹೆಚ್ಚುಕಡಿಮೆ ಅದೇ ಪಾಡು. ಕವಿತೆ ಕೇಳಲೆಂದೇ ಬರುವವರಿಗೆ ಪದ ಕೇಳಿಸದ ಮೇಲೆ ಮಿಕ್ಸ್ ಎಷ್ಟು ಚೆಂದವಿದ್ದರೇನು.

ಇಲ್ಲಿ ಗೆದ್ದದ್ದು ರಾಕ್‌ನಲ್ಲಿ ಪತ್ತೆಯೇ ಇಲ್ಲದಿದ್ದ ಮೇಪಲ್. ರಿಂಗ್ ಇಲ್ಲದ್ದರಿಂದ ಶ್ರುತಿಯ ಪ್ರಶ್ನೆಯೇ ಇಲ್ಲ, ತಂತಿ ಸದ್ದು ಕಡಿಮೆಯಾದ್ದರಿಂದ ಅಕ್ಷರ ಉಳಿಯಿತು. ಅದನ್ನೂ ಚರಣದ ಎರಡನೇ ಅರ್ಧಕ್ಕೆ ಮಾತ್ರ ಇಟ್ಟುಕೊಂಡು, ಮೊದಲರ್ಧಕ್ಕೆ ರಿಮ್ ಮೇಲೆ ಕೋಲು ಅಡ್ಡ ಹಾಕಿ ಬಾರಿಸುವ ಕ್ರಾಸ್ ಸ್ಟಿಕ್ ಇಟ್ಟೆ. ತಬಲಾದ 'ನಾ' ಜೊತೆ ಅದು ತುಂಬಾ ಚೆನ್ನಾಗಿ ಹೊಂದಿತು. ರಿವರ್ಬ್ ವಿಷಯದಲ್ಲಿ ಒಂದು ಮಾತು: ನಿಧಾನದ ಹಾಡು ಅಂತ ಸ್ನೇರ್‌ಗೆ ಎರಡು ಸೆಕೆಂಡಿನ ಹಾಲ್ ರಿವರ್ಬ್ ಸುರಿಯುವ ಚಾಳಿ ನಮ್ಮ ಲೈಟ್ ಮ್ಯೂಸಿಕ್ ಮಿಕ್ಸ್‌ಗಳಲ್ಲಿ ಬಹಳ. ಗಿಡ್ಡ ಸ್ನೇರ್ ಆರಿಸಿ ಅದಕ್ಕೆ ಉದ್ದ ರಿವರ್ಬ್ ಹಾಕಿದರೆ ಆರಿಸಿದ್ದೇ ದಂಡ.

ಉದ್ದವೇ ಮುಖ್ಯ ಅನ್ನುವುದಕ್ಕೆ 80ರ ದಶಕದ ಗೇಟೆಡ್ ರಿವರ್ಬ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಇಂಜಿನಿಯರ್ ಹ್ಯೂ ಪ್ಯಾಡ್ಗಮ್, ಡ್ರಮ್ಮರ್-ಗಾಯಕ ಫಿಲ್ ಕಾಲಿನ್ಸ್‌ರ ಡ್ರಮ್ಸ್ ಜೊತೆ ಕೂತು ಮಾಡಿದ್ದೇನು? ದೊಡ್ಡ ಕೋಣೆಯ ಸದ್ದನ್ನು ಕಂಪ್ರೆಸರ್‌ನಿಂದ ಹಿಗ್ಗಿಸಿ, ಅದು ತಾನಾಗಿ ಆರುವ ಮೊದಲೇ, ಸದ್ದು ತಗ್ಗಿದೊಡನೆ ಮುಚ್ಚಿಕೊಳ್ಳುವ ಗೇಟ್‌ನಿಂದ ಫಟ್ ಅಂತ ಕತ್ತರಿಸಿದ್ದು. ಗಾತ್ರ ದೊಡ್ಡದು, ಆದರೆ ಮುಂದಿನ ಬೀಟ್‌ಗೆ ಜಾಗ ಖಾಲಿ. ಲಿನ್‌ಡ್ರಮ್‌ಗೆ ಇದೇ ಉಪಾಯ ಮಾಡಿ ನೋಡಿ, ತಕ್ಷಣ 80ರ ದಶಕ ಎದ್ದು ಬರುತ್ತದೆ. ನಾನು ಇದನ್ನು ರಾಕ್ ಹಾಡಿನಲ್ಲಿ ಹಾಕಿ ನೋಡಿದೆ, ಬ್ಯಾಂಡಿನವರು ನಕ್ಕರು, ತೆಗೆದೆ.

ಮೂರನೆಯದು ಕನ್ನಡ ರ‍್ಯಾಪ್, 92 ಬಿಪಿಎಂ, ಕೆಳಗೆ 808 ಕಿಕ್ಕಿನ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಸದ್ದು) ಉದ್ದನೆಯ ಸಬ್ ಬೇಸ್, ಅಂದರೆ ತೀರಾ ಕೆಳಗಿನ ಗುಡುಗು. ಕಿಕ್ 808 ಅಂದಮೇಲೆ ಸ್ನೇರ್ ಕೂಡ 808 ಅಂತ ಹಾಕಿದೆ. ಸಬ್ ಬೇಸ್ ಕೇಳುವ ದೊಡ್ಡ ಸ್ಪೀಕರಿನಲ್ಲಿ ಸೊಗಸಾಗಿತ್ತು: ಚಿಕ್ಕದು, ಬೇಗ ಆರುತ್ತದೆ, ಪದಗಳಿಗೆ ಅಡ್ಡ ಬರುವುದಿಲ್ಲ. ಫೋನಿನಲ್ಲಿ ಕೇಳಿದಾಗ ಬಣ್ಣ ಬಯಲಾಯಿತು. ಫೋನ್ ಸ್ಪೀಕರಿನಲ್ಲಿ ಕೆಳಗಿನ ಮೈ ಹೋಗಿ ಬರೀ 'ಟಿಸ್' ಉಳಿಯಿತು. 909 ಹಾಕಿದರೆ ಹಾಡು ಡಾನ್ಸ್ ಕ್ಲಬ್ ಕಡೆ ತಿರುಗಿಬಿಟ್ಟಿತು. ಸುಪ್ರಾಫೋನಿಕ್ ಶುದ್ಧವಾಗಿ, ಗಟ್ಟಿಯಾಗಿ ಕೂತಿತು ಅಂತ ನಾನು ಬೀಗುತ್ತಿದ್ದಾಗ ರ‍್ಯಾಪರ್ ಹುಡುಗ, "ಅಣ್ಣಾ, ಇದು ತುಂಬಾ ಸ್ನಾನ ಮಾಡ್ಕೊಂಡ್ ಬಂದಂಗಿದೆ. ಸ್ವಲ್ಪ ಕೊಳೆ ಬೇಕು" ಅಂದ.

ಅವನು ಕೇಳಿದ ಕೊಳೆಗೆ ಒಂದು ಇತಿಹಾಸವಿದೆ. ನ್ಯೂಯಾರ್ಕ್‌ನ ಹಿಪ್-ಹಾಪ್ ನಿರ್ಮಾಪಕರು ಹಳೆಯ ಫಂಕ್, ಸೋಲ್ ರೆಕಾರ್ಡ್‌ಗಳಿಂದ ಡ್ರಮ್ ತುಣುಕುಗಳನ್ನು ಎತ್ತುತ್ತಿದ್ದರು. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ ಒಂದೆರಡು ಸಾಲು ಸಾವಿರಾರು ಹಾಡುಗಳಲ್ಲಿ ತಿರುಗಾಡಿದೆ. ಎತ್ತಿದ್ದನ್ನು ಹಾಕುತ್ತಿದ್ದದ್ದು 1987ರ ಇ-ಮ್ಯೂ ಎಸ್‌ಪಿ-1200ರಂಥ ಸ್ಯಾಂಪ್ಲರ್‌ಗೆ: 12 ಬಿಟ್, ಸುಮಾರು 26 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್. ಸ್ಯಾಂಪ್ಲರ್ ಹಿಡಿಯುವುದು ಆ ರೇಟಿನ ಅರ್ಧದವರೆಗೆ ಮಾತ್ರ, ಅಂದರೆ ಸುಮಾರು 13 ಕಿಲೋಹರ್ಟ್ಸ್‌ಗಿಂತ ಮೇಲಿನದ್ದು ಅಲ್ಲಿ ದಾಖಲಾಗುವುದೇ ಇಲ್ಲ, ಇದ್ದದ್ದಕ್ಕೆ ಒರಟುತನ. ನಾನು ಅದೇ ಅಳತೆಗೆ, ಸದ್ದನ್ನು ಬೇಕೆಂದೇ ಒರಟು ಮಾಡುವ ಬಿಟ್‌ಕ್ರಷರ್ ಇಟ್ಟು ಭಾವಗೀತೆಯ ಮೇಪಲ್ ಸ್ನೇರನ್ನೇ ಅದರೊಳಗೆ ತೂರಿಸಿದೆ. ಸತ್ತ 'ದಬ್' ಎನ್ನುವ ಸದ್ದಿಗೆ ಮರಳುಕಾಗದ ಉಜ್ಜಿದ ಹಾಗೆ ಒಂದು ಕರಕರ ಬಂತು, ಫೋನಿನಲ್ಲೂ ಕೇಳಿತು. ಹುಡುಗ ತಲೆಯಾಡಿಸಿದ. ಲಿನ್‌ಡ್ರಮ್ ಬಹಳ ಹತ್ತಿರ ಬಂದಿತ್ತು. ಅದರ 8-ಬಿಟ್ ಒರಟು ನನಗೆ ವೈಯಕ್ತಿಕವಾಗಿ ಇನ್ನೂ ಇಷ್ಟ. ಹಾಡು ಅವನದ್ದು.

ನಾಲ್ಕನೆಯದು ತಮಟೆ ಹಾಡು. ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿದ ತಮಟೆಯ ಮೇಲೆ ಕಡ್ಡಿ ಬಿದ್ದರೆ ಬರುವ ಏಟು ಸ್ನೇರ್‌ನ 'ಪಟ್' ಇರುವ ಜಾಗದಲ್ಲೇ, 2ರಿಂದ 4 ಕಿಲೋಹರ್ಟ್ಸ್ ಸುತ್ತಮುತ್ತ ಕೂರುತ್ತದೆ. ಅಲ್ಲಿ ಬ್ಲ್ಯಾಕ್ ಬ್ಯೂಟಿ ತಂದು ಕೂರಿಸಿದರೆ ಇಬ್ಬರು ಒಂದೇ ಮೈಕಿಗೆ ಮುಗಿಬಿದ್ದಂತೆ ಆಗುತ್ತದೆ. ತಮಟೆಯವರನ್ನು ತಗ್ಗಿಸಿದರೆ ಹಾಡಿನ ಜೀವವೇ ಹೋಯಿತು, ಸ್ನೇರ್ ತಗ್ಗಿಸಿದರೆ ಅದು ಯಾಕಿದೆ ಅಂತ ತಿಳಿಯದು. 909 ಇಲ್ಲಿ ಕೆಲಸಕ್ಕೆ ಬಂತು, ಯಾಕೆಂದರೆ ಅದರಲ್ಲಿ ಟ್ಯೂನ್ (ಶ್ರುತಿ), ಟೋನ್, ಸ್ನ್ಯಾಪಿ (ತಂತಿ ಸದ್ದಿನ ಪ್ರಮಾಣ) ಎಂಬ ಬೇರೆ ಬೇರೆ ಗುಂಡಿಗಳಿವೆ. ಸ್ನ್ಯಾಪಿ ಇಳಿಸಿ, ಟ್ಯೂನ್ ಕೆಳಗೆ ತಂದರೆ ತಮಟೆಯ ಕೆಳಗೆ ಒಂದು ತೂಕ ಮಾತ್ರ ಉಳಿಯುತ್ತದೆ. ಆದರೆ ಕೊನೆಗೆ ಉಳಿದದ್ದು ಪಟ್ಟಿಯಲ್ಲೇ ಇಲ್ಲದ ಏಳನೆಯದು: ಆಕ್ಟಪ್ಯಾಡ್, ಕೋಲಿನಿಂದ ಬಾರಿಸುವ ಎಲೆಕ್ಟ್ರಾನಿಕ್ ಪ್ಯಾಡ್. ರೋಲ್ಯಾಂಡ್‌ನ ಎಸ್‌ಪಿಡಿ-20, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಸ್ಟೇಜ್ ಮೂಲೆಯಲ್ಲಿ ನಿಂತು ನುಡಿಸುತ್ತಿದ್ದರಲ್ಲ, ಅದೇ. ಅದರ ಸ್ನೇರ್ ಡ್ರಮ್ ಪರಿಣತರ ಕಿವಿಗೆ ಅಗ್ಗದ ಸದ್ದು. ಗಿಡ್ಡ, ಚಪ್ಪಟೆ, ನಡುಮಟ್ಟದಲ್ಲಿ ಉಬ್ಬಿದಂತೆ. ಆದರೆ ತಮಟೆಯ ಜೊತೆ ಅದು ಎಷ್ಟು ಸಲೀಸಾಗಿ ಕೂತಿತೆಂದರೆ ಈಕ್ಯೂ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಕೇಳುವವರಿಗೆ ಈ ಎರಡು ಸದ್ದು ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಮೊದಲೇ ಜೊತೆಯಾಗಿ ಕೇಳಿ ಅಭ್ಯಾಸ ಅನ್ನುವುದೂ ಒಂದು ಕಾರಣವಿರಬೇಕು.

ಎರಡು ಸ್ನೇರ್ ಒಂದರ ಮೇಲೊಂದು ಹಾಕಿದರೆ ಎರಡರ ಗುಣವೂ ಸಿಗುತ್ತದಲ್ಲ ಅಂತ ಕೇಳುವವರಿದ್ದಾರೆ. ಸಿಗುತ್ತದೆ, ಫೇಸ್, ಅಂದರೆ ಎರಡರ ಅಲೆಗಳು ಒಟ್ಟಿಗೆ ಏರಿಳಿಯುತ್ತವೆಯೇ ಅನ್ನುವುದನ್ನು, ನೋಡಿಕೊಂಡರೆ. 200 ಹರ್ಟ್ಸ್‌ನ ಒಂದು ಅಲೆಗೆ 5 ಮಿಲಿಸೆಕೆಂಡ್ ಬೇಕು. ಎರಡು ಸ್ಯಾಂಪಲ್ ನಡುವೆ ಎರಡೂವರೆ ಮಿಲಿಸೆಕೆಂಡ್ ಹೆಚ್ಚುಕಮ್ಮಿಯಾದರೆ ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬಂದು ಮೈಯೆಲ್ಲ ರದ್ದಾಗುತ್ತದೆ. ವೇವ್‌ಫಾರ್ಮ್ ಹಿಗ್ಗಿಸಿ ಮೊದಲ ಅಲೆಗಳನ್ನು ಸಾಲಾಗಿಸಿ, ಒಂದರ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತಿ ನೋಡಿ. ಯಾವ ಕಡೆ ದಪ್ಪ ಕೇಳುತ್ತದೋ ಅದನ್ನೇ ಇಟ್ಟುಕೊಳ್ಳಿ. ಡ್ರಮ್ಮಿನ ಕೆಳಗಡೆ ಮೈಕ್ ಇಟ್ಟು ರೆಕಾರ್ಡ್ ಮಾಡಿದಾಗಲೂ ಇದೇ ಕತೆ.

ನಿಜವಾದ ಡ್ರಮ್ಮಿನ ಸ್ಯಾಂಪಲ್ ಕೊಳ್ಳುವವರು ಒಂದು ನೋಡಿಕೊಳ್ಳಬೇಕು. ಒಂದೇ ಫೈಲ್ ಹಾಡಿನುದ್ದಕ್ಕೂ ಹೊಡೆದರೆ ರೋಲ್ ಬಂದ ಕಡೆ ಮಷೀನ್ ಗನ್ ಕೇಳುತ್ತದೆ. ಮೆಲ್ಲಗಿನಿಂದ ಜೋರಿನವರೆಗೆ ಹಲವು ಪದರ, ಪ್ರತಿ ಪದರದಲ್ಲೂ ಸರದಿಯಲ್ಲಿ ಬದಲಾಗುವ ನಾಲ್ಕಾರು ಹೊಡೆತ ಇರುವ ಲೈಬ್ರರಿ ಬೇಕು. ಡ್ರಮ್ ಮಷೀನ್ ಸದ್ದುಗಳಿಗೆ ಈ ರಗಳೆ ಇಲ್ಲ, ಪ್ರತಿ ಸಲವೂ ಒಂದೇ ಥರ ಕೇಳುವುದೇ ಅವುಗಳ ಗತ್ತು.

ಬ್ರಷ್‌ಗೆ ಮಾತ್ರ ಈ ಆರರಲ್ಲಿ ಯಾವುದೂ ಆಗಿಬರಲಿಲ್ಲ. ಹೆಡ್ ಮೇಲೆ ತಂತಿ ಸುತ್ತುತ್ತಾ ಉಜ್ಜುವ ಆ ಸದ್ದಿಗೆ ಒಂದು ಹೊಡೆತ ಅಂತ ಎಲ್ಲಿ ಶುರು, ಎಲ್ಲಿ ಮುಗಿತಾಯ ಅನ್ನುವುದೇ ಇರುವುದಿಲ್ಲ, ಸ್ಯಾಂಪಲ್ ಕತ್ತರಿಸುವುದು ಹೇಗೆ? ಅಂಥ ಹಾಡಿದ್ದರೆ ಫೋಲ್ಡರ್ ಮುಚ್ಚಿ, ಪರಿಚಯದ ಡ್ರಮ್ಮರ್ ಒಬ್ಬರನ್ನು ಅರ್ಧ ದಿನ ಕರೆಸಿ, ಸ್ನೇರ್ ಮೇಲೆ ಒಂದು ಕಂಡೆನ್ಸರ್ ಮೈಕ್ ಇಟ್ಟುಬಿಡಿ.