ಆರಂಭಶೂರ ಎಸ್‌ಎಸ್‌ಡಿ: ಆರು ತಿಂಗಳು ಒದ್ದಾಡಿ ಬರೀತಿರೋ ರಿವ್ಯೂ

ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಇದೇ ಥರದ ಮಾಲು ಬೇರೆ ಬೇರೆ ಸ್ಟಿಕರ್ ಅಂಟಿಸ್ಕೊಂಡು ಬೇಕಾದಷ್ಟಿದೆ, ಒಂದನ್ನೇ ಬೈದು ಏನು ಮಾಡೋಣ. 1 ಟಿಬಿ, 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದ್ರೆ ತಿರುಗೋ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡೋ ಡಿಸ್ಕು, ಸಾಟಾ ಅನ್ನೋ ಕೇಬಲಲ್ಲಿ ಸೇರ್ಸೋದು. ಒಳಗಿರೋದು ಕ್ಯೂಎಲ್‌ಸಿ ಫ್ಲ್ಯಾಶ್ (ಡೇಟಾ ಇಡೋ ಚಿಪ್‌ನ ಒಂದು ಬಗೆ, ವಿವರ ಮುಂದಿದೆ), ಡಿರ‍್ಯಾಮ್ ಕ್ಯಾಶ್ (ಡಿಸ್ಕ್‌ನೊಳಗಿನ ಪುಟ್ಟ ವೇಗದ ಮೆಮೊರಿ) ಇಲ್ಲ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಸೆಕೆಂಡಿಗೆ 550 ಎಂಬಿ ಅಂತ ಇದೆ, ಪಕ್ಕದಲ್ಲೇ ಇರುವೆ ಸೈಜಲ್ಲಿ "ವರೆಗೆ" ಅಂತಾನೂ ಇದೆ. ನನ್ನ ತಕರಾರೆಲ್ಲ ಆ "ವರೆಗೆ" ಮೇಲೇನೇ.

ಮೊದಲ ಎರಡು ವಾರ ನಾನು ಕಂಡೋರಿಗೆಲ್ಲ ಇದನ್ನೇ ತಗೊಳ್ಳಿ ಅಂತ ಹೇಳ್ಕೊಂಡು ಓಡಾಡಿದೆ. ನನ್ನ ಲಿನಕ್ಸ್ ಸಿಸ್ಟಮ್ ಬೂಟ್ ಆಗೋದು, ಬ್ರೌಸರ್ ಓಪನ್ ಆಗೋದು, ಫೋಟೋ ಫೋಲ್ಡರ್ ತೆಗೆದ್ರೆ ಥಂಬ್‌ನೇಲ್ ಬರೋದು ಎಲ್ಲಾ ಪಟಪಟ. ಆಮೇಲೆ ಒಂದಿನ ಇನ್ನೊಂದು ಡಿಸ್ಕಿಂದ 180 ಜಿಬಿ ವಿಡಿಯೋ ಫೋಲ್ಡರ್ ಇದಕ್ಕೆ ಕಾಪಿ ಹಾಕಿದೆ. ಶುರೂನಲ್ಲಿ 480 ಎಂಬಿ ಓಡ್ತಿತ್ತು, ಸುಮಾರು 90 ಜಿಬಿ ಮುಗಿಯೋ ಹೊತ್ತಿಗೆ ದಢಕ್ಕಂತ 75ಕ್ಕೆ ಬಿತ್ತು. ನನ್ನ ಹಳೇ 7200 ಆರ್‌ಪಿಎಂ ಹಾರ್ಡ್ ಡಿಸ್ಕೇ 150 ಬರೀತಿತ್ತು ಮಾರಾಯ್ರೆ! ಹೋಗ್ಲಿ ಕಾಪಿ ನಿಧಾನ ಆದ್ರೆ ಆಗ್ಲಿ, ಆದ್ರೆ ಇಡೀ ಡೆಸ್ಕ್‌ಟಾಪೇ ಕೈಕೊಡ್ತು. ಮೌಸ್ ಓಡಾಡುತ್ತೆ, ಹಾಡೂ ಬರ್ತಿದೆ, ಆದ್ರೆ ಬ್ರೌಸರಲ್ಲಿ ಹೊಸ ಟ್ಯಾಬ್ ಒತ್ತಿದ್ರೆ ಅರ್ಧ ನಿಮಿಷ ಬೆಳ್ಳಗೆ ನಿಂತ್ಕೊಳ್ಳುತ್ತೆ, ಟರ್ಮಿನಲ್ಲಲ್ಲಿ ಟೈಪ್ ಮಾಡಿದ ಕಮಾಂಡ್ ಎಂಟರ್ ಒತ್ತಿದ ಮೇಲೆ ಎಲ್ಲೋ ಕಾಣೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ಹಾಗೆ ನಾನು ರ‍್ಯಾಮ್‌ನ ಬೈದೆ. ಆಗ ಇದ್ದಿದ್ದು 8 ಜಿಬಿ, ಇನ್ನೊಂದು 8 ಹಾಕಿಸಿದೆ. ನಂಬ್ತೀರೋ ಇಲ್ವೋ, ಹ್ಯಾಂಗ್ ಆಗೋ ಟೈಮ್ ಇನ್ನೂ ಜಾಸ್ತಿ ಆಯ್ತು! ಯಾಕೆ ಅಂತ ಗೊತ್ತಾಗಿದ್ದು ಒಂದು ತಿಂಗಳು ತಲೆ ಕೆರ್ಕೊಂಡ ಮೇಲೆ.

ಸಿಪಿಯು ನೋಡಿದ್ರೆ ಹತ್ತು ಪರ್ಸೆಂಟೂ ಕೆಲಸ ಮಾಡ್ತಿಲ್ಲ, ಆದ್ರೆ ಲೋಡ್ ಆವರೇಜ್ (ಸರಾಸರಿ ಎಷ್ಟು ಕೆಲಸ ಸಾಲಲ್ಲಿವೆ ಅನ್ನೋ ಅಂಕೆ) 12, 13 ತೋರಿಸ್ತಿತ್ತು. ಲಿನಕ್ಸಲ್ಲಿ ಡಿಸ್ಕ್‌ಗೋಸ್ಕರ ಕಾಯ್ತಾ ಕೂತಿರೋ ಪ್ರೋಸೆಸ್‌ಗಳನ್ನೂ ಲೋಡ್‌ಗೆ ಸೇರಿಸ್ತಾರೆ, ಹಂಗಾಗಿ ಸಿಪಿಯು ಖಾಲಿ ಇದ್ದು ಲೋಡ್ ಜಾಸ್ತಿ ಇದ್ರೆ ಮೊದಲ ಅನುಮಾನ ಡಿಸ್ಕ್ ಮೇಲೇ ಪಡ್ಬೇಕು. ಟಾಪ್ ಕಮಾಂಡ್‌ನಲ್ಲಿ ಡಬ್ಲ್ಯೂಎ ಅನ್ನೋ ಅಂಕೆನೂ (ಸಿಪಿಯು ಡಿಸ್ಕ್‌ಗೆ ಕಾಯ್ತಾ ಖಾಲಿ ಕೂತ ಹೊತ್ತು) ಏರಿತ್ತು. ಯಾವ ಪ್ರೋಗ್ರಾಂ ಡಿಸ್ಕ್‌ಗೆ ಎಷ್ಟು ಬರೀತಿದೆ ಅಂತ ತೋರಿಸೋ ಐಒಟಾಪ್ ಹಾಕಿ ನೋಡಿದ್ರೆ ಬರೀತಾ ಇದ್ದಿದ್ದು ಕಾಪಿ ಒಂದೇ, ಕಳ್ಳ ಬೇರೆ ಯಾರೂ ಇಲ್ಲ. ಕೇಬಲ್ ಇರ್ಬಹುದಾ ಅಂತ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡೋ ಸ್ಮಾರ್ಟ್ ರಿಪೋರ್ಟಲ್ಲಿ 199 ನಂಬರಿನ ಸಾಲು, ಅದೇ ಸಿಆರ್‌ಸಿ ಎರರ್ ಕೌಂಟ್ (ಡೇಟಾ ದಾಟೋವಾಗ ಕೆಟ್ಟ ಸಲಗಳ ಲೆಕ್ಕ), ನೋಡಿದೆ, ಸೊನ್ನೆ. ಅದು ಏರ್ತಾ ಹೋದ್ರೆ ಸಾಮಾನ್ಯವಾಗಿ ಕೇಬಲ್ ಅಥವಾ ಕನೆಕ್ಟರ್ ತಪ್ಪು, ಡಿಸ್ಕನ್ನ ಬೈಯೋಕೆ ಮುಂಚೆ ಇದನ್ನೊಂದು ನೋಡ್ಕೊಳ್ಳಿ.

ಹಾಗಾದ್ರೆ ಆಗ್ತಿರೋದೇನು ಅಂದ್ರೆ, ಕ್ಯೂಎಲ್‌ಸಿಲಿ ಒಂದು ಸೆಲ್‌ಗೆ (ಡೇಟಾ ಇಡೋ ಪುಟ್ಟ ಗೂಡಿಗೆ) 4 ಬಿಟ್ ತುಂಬಿಸ್ತಾರೆ, ಅದು ಬರೆಯೋಕೆ ನಿಧಾನ. ಅದನ್ನ ಮುಚ್ಚಿಡೋಕೆ ಖಾಲಿ ಇರೋ ಸೆಲ್‌ಗಳಿಗೆ ಮೊದಲು ಒಂದೊಂದೇ ಬಿಟ್ ಬರೀತಾರೆ, ಅದು ಫಾಸ್ಟು, ಅದಕ್ಕೇ ಎಸ್‌ಎಲ್‌ಸಿ ಕ್ಯಾಶ್ ಅನ್ನೋದು, ಆಮೇಲೆ ಡಿಸ್ಕ್ ಸುಮ್ನಿದ್ದಾಗ ನಿಧಾನಕ್ಕೆ 4 ಬಿಟ್‌ಗೆ ಮಡಚಿ ಇಡುತ್ತೆ. ನಂದ್ರಲ್ಲಿ ಆವತ್ತು 400 ಜಿಬಿ ಖಾಲಿ ಇತ್ತು, ಅದ್ರಲ್ಲಿ ಕಾಲು ಭಾಗ ಅಂದ್ರೆ ಹೆಚ್ಚಂದ್ರೆ 100 ಜಿಬಿ ಕ್ಯಾಶ್, ಲೆಕ್ಕ ಸರಿಯಾಗೇ ಇದೆ. ಅದು ತುಂಬಿದ ಮೇಲೆ ಹೊಸದನ್ನ ಬರಿಯೋದೂ ಹಳೇದನ್ನ ಮಡಚೋದೂ ಒಟ್ಟಿಗೇ ಆಗ್ಬೇಕು, ಅಲ್ಲಿಗೆ ಏದುಸಿರು. ಡಿಸ್ಕ್ ತುಂಬ್ತಾ ಹೋದಷ್ಟೂ ಕ್ಯಾಶೂ ಚಿಕ್ಕದಾಗುತ್ತೆ, 100 ಜಿಬಿ ಮಾತ್ರ ಉಳಿದಾಗ ಟೆಸ್ಟ್ ಮಾಡಿದೆ, 20 ಜಿಬಿ ದಾಟಿದ್ದೇ ತಡ ಮಲಗ್ತು. ಬರೆಯೋ ವಿಷ್ಯದಲ್ಲಿ ಡಬ್ಬಿ ಮೇಲಿನ ಸ್ಪೀಡೆಲ್ಲ ಈ ಕ್ಯಾಶ್ ತುಂಬೋವರೆಗೆ ಮಾತ್ರ. ಮೇಲೆ ಥಳಕು ಒಳಗೆ ಹುಳುಕು.

ಇನ್ನು ರ‍್ಯಾಮ್ ಕಥೆ. ಲಿನಕ್ಸ್ ನೀವು ಬರೆದಿದ್ದನ್ನ ಕೂಡ್ಲೇ ಡಿಸ್ಕ್‌ಗೆ ಹಾಕಲ್ಲ, ಮೆಮೊರೀಲಿ ಗುಡ್ಡೆ ಹಾಕ್ಕೊಂಡಿರುತ್ತೆ. ಎಷ್ಟು ಗುಡ್ಡೆ ಅನ್ನೋದು ಡರ್ಟಿ ರೇಷಿಯೊ ಅನ್ನೋ ಸೆಟ್ಟಿಂಗಲ್ಲಿದೆ, ಮಾಮೂಲಿಯಾಗಿ ಕೈಗೆ ಸಿಗೋ ಮೆಮೊರಿಯ 20 ಪರ್ಸೆಂಟ್. 16 ಜಿಬಿ ಮಿಷಿನ್ನಲ್ಲಿ ಹತ್ತಿರ ಹತ್ತಿರ 3 ಜಿಬಿ. ಈ ಡಿಸ್ಕ್ 75ರಲ್ಲಿ ತೆವಳ್ತಿದ್ರೆ ಆ ಗುಡ್ಡೆ ಕರಗೋಕೆ 40 ಸೆಕೆಂಡ್ ಬೇಕು. ಆ ಹೊತ್ತಲ್ಲಿ ಬ್ರೌಸರ್ ತನ್ನ ಪುಟ್ಟ ಡೇಟಾಬೇಸ್ ಫೈಲು ಡಿಸ್ಕ್ ಮುಟ್ಟಲೇಬೇಕು ಅಂತ ಎಫ್‌ಸಿಂಕ್ ಕೇಳಿದ್ರೆ ಅದೂ ಆ ಕ್ಯೂನಲ್ಲೇ ಹಿಂದೆ ನಿಲ್ಬೇಕು. ಎರಡೇ ಎರಡು ಸಾಮಾನು ಹಿಡ್ಕೊಂಡು ಬಂದವನು ಗೋಣಿಚೀಲದವನ ಹಿಂದೆ ನಿಂತ ಹಾಗೆ. ನಾನು ರ‍್ಯಾಮ್ ಡಬಲ್ ಮಾಡಿ ಗೋಣಿಚೀಲಾನೂ ಡಬಲ್ ಮಾಡಿದ್ದೆ ಅಷ್ಟೇ.

ಪರಿಹಾರ ಅಂತ ಸಿಕ್ಕಿದ್ದು ಎರಡೇ ಸಾಲು. ಲಿನಕ್ಸ್ ಕರ್ನಲ್‌ನ ಸಿಸ್‌ಸಿಟಿಎಲ್ ಸೆಟ್ಟಿಂಗಲ್ಲಿ ಪರ್ಸೆಂಟ್ ಬದಲು ಡರ್ಟಿ ಬೈಟ್ಸ್, ಅಂದ್ರೆ ಗುಡ್ಡೆಯ ಮಿತಿ, 256 ಎಂಬಿ, ಬ್ಯಾಕ್‌ಗ್ರೌಂಡ್ ಡರ್ಟಿ ಬೈಟ್ಸ್, ಅಂದ್ರೆ ಹಿನ್ನೆಲೆಯಲ್ಲಿ ಗುಡ್ಡೆ ಕರಗಿಸೋಕೆ ಶುರು ಮಾಡೋ ಮಟ್ಟ, 64 ಎಂಬಿ ಅಂತ ಕೊಟ್ಟೆ (ಬೈಟ್‌ಗಳಲ್ಲಿ ಬರೀಬೇಕು, ಸೊನ್ನೆ ಎಣಿಸ್ಕೊಂಡು ಬರೀರಿ, ನಾನು ಮೊದಲನೇ ಸಲ ಎಂಬಿ ಅಂದ್ಕೊಂಡು ಬರೀ 256 ಅಂತ ಕೊಟ್ಟಿದ್ದೆ). ಅರ್ಧ ನಿಮಿಷ ನಿಲ್ತಿದ್ದ ಟ್ಯಾಬ್ ಈಗ ಮೂರ್ನಾಲ್ಕು ಸೆಕೆಂಡಲ್ಲಿ ಬರುತ್ತೆ. ಇನ್ನೊಂದು ಲಾಭ ಅಂದ್ರೆ ಪೆನ್‌ಡ್ರೈವ್‌ಗೆ ಕಾಪಿ ಹಾಕಿದಾಗ 100 ಪರ್ಸೆಂಟ್ ಅಂತ ತೋರಿಸಿ ಆಮೇಲೆ ಎಜೆಕ್ಟ್ ಮಾಡೋಕೆ ಐದು ನಿಮಿಷ ಸತಾಯಿಸ್ತಿತ್ತಲ್ಲ, ಅದೂ ಕಡಿಮೆ ಆಯ್ತು, ಪ್ರೋಗ್ರೆಸ್ ಬಾರ್ ಈಗ ನಿಜ ಹೇಳುತ್ತೆ. ಡಿಸ್ಕ್ ಕೆಲಸಗಳ ಸರದಿ ನಿರ್ಧರಿಸೋ ಶೆಡ್ಯೂಲರ್‌ನ ಎಂಕ್ಯೂ ಡೆಡ್‌ಲೈನಿಂದ ಬಿಎಫ್‌ಕ್ಯೂಗೆ ಬದಲಾಯಿಸಿದೆ, ಸ್ವಲ್ಪ ಹಗುರ ಅನ್ಸುತ್ತೆ, ಭಾರೀ ಅಂತೇನಿಲ್ಲ. ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಫೈಲ್ ಕಾಪಿ ಮಾಡೋ ಆರ್‌ಸಿಂಕಲ್ಲಿ ಸ್ಪೀಡ್ ಮಿತಿ ಹಾಕೋ ಆಪ್ಷನ್. ಬ್ಯಾಕಪ್‌ನ 60 ಎಂಬಿಗೆ ಕಟ್ಟಿಹಾಕಿದ್ರೆ ಡಿಸ್ಕ್‌ಗೆ ಉಸಿರಾಡೋಕೆ ಜಾಗ ಸಿಗುತ್ತೆ, ಒಟ್ಟು ಟೈಮ್ ಜಾಸ್ತಿ ಹಿಡಿಯುತ್ತೆ, ಆದ್ರೆ ಪರವಾಗಿಲ್ಲ.

ಟ್ರಿಮ್, ಅಂದ್ರೆ ಅಳಿಸಿದ ಜಾಗ ಖಾಲಿ ಅಂತ ಡಿಸ್ಕ್‌ಗೆ ತಿಳಿಸೋದು, ಅದರ ವಿಷ್ಯದಲ್ಲಿ ತಪ್ಪು ನಂದೇ, ಡಿಸ್ಕನ್ನ ಬೈಯೋ ಹಾಗಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದೆ, ಹಾಗೆ ಮಾಡಿದಾಗ ಡಿಸ್ಕಾರ್ಡ್‌ಗೆ (ಟ್ರಿಮ್‌ಗೆ ಲಿನಕ್ಸಲ್ಲಿರೋ ಹೆಸರು) ಪ್ರತ್ಯೇಕವಾಗಿ ಅನುಮತಿ ಕೊಡದೇ ಇದ್ರೆ ಟ್ರಿಮ್ ಕೆಳಗೆ ತಲುಪೋದೇ ಇಲ್ಲ, ನೀವು ಅಳಿಸಿದ್ರೂ ಡಿಸ್ಕ್ ಪಾಲಿಗೆ ಅದು ತುಂಬಿರೋ ಜಾಗಾನೇ, ಕ್ಯಾಶ್‌ಗೆ ಜಾಗ ಎಲ್ಲಿಂದ ಬರ್ಬೇಕು. ಸರಿ ಮಾಡಿ ಒಂದ್ಸಲ ಎಫ್‌ಎಸ್‌ಟ್ರಿಮ್ ಕಮಾಂಡ್ ಓಡಿಸಿದ್ಮೇಲೆ ಚೇತರಿಸ್ಕೊಂಡ್ತು.

ವಿಂಡೋಸಲ್ಲೂ ಇದೇ ಡಿಸ್ಕ್ ಹಾಕಿ ನೋಡಿದೀನಿ, ಟಾಸ್ಕ್ ಮ್ಯಾನೇಜರಲ್ಲಿ ಡಿಸ್ಕ್ 100 ಪರ್ಸೆಂಟ್, ಬರೆಯೋ ಸ್ಪೀಡ್ ನೋಡಿದ್ರೆ 60, ರೆಸ್ಪಾನ್ಸ್ ಟೈಮ್ ನೂರಾರು ಮಿಲಿಸೆಕೆಂಡ್. ಆ ಮೂರೂ ಒಟ್ಟಿಗೆ ಕಂಡ್ರೆ ಡಿಸ್ಕ್ ಸುಸ್ತಾಗಿದೆ ಅಂತಾನೇ. ರಿಸೋರ್ಸ್ ಮಾನಿಟರಲ್ಲಿ ಯಾವ ಫೈಲ್ ಅಂತಾನೂ ಕಾಣುತ್ತೆ. ಕಾಪಿ ಆಗೋ ಫೋಲ್ಡರ್‌ಗೆ ಸರ್ಚ್ ಇಂಡೆಕ್ಸಿಂಗ್ ತೆಗೆದೆ, ಆಂಟಿವೈರಸ್ ಮುಟ್ಟೋಕೆ ಹೋಗಲಿಲ್ಲ.

ಒಟ್ಟು 5ಕ್ಕೆ ಎರಡೂವರೆ ಸ್ಟಾರ್. ಓದೋ ಕೆಲಸಕ್ಕೆ ಒಂದು ಮಾತು ಬೈಯಲ್ಲ, ಗೇಮ್ಸ್, ಹಳೇ ಫೋಟೋ, ಒಂದ್ಸಲ ಬರೆದು ನೂರು ಸಲ ಓದೋ ಫೈಲ್‌ಗಳಿಗೆ ಚಿನ್ನದಂಥಾ ಡಿಸ್ಕು. ವಿಡಿಯೋ ಎಡಿಟಿಂಗ್, ವರ್ಚುವಲ್ ಮಿಷಿನ್, ದಿನಾ ದೊಡ್ಡ ಬ್ಯಾಕಪ್ ಇರೋರು ದಯವಿಟ್ಟು ಟಿಎಲ್‌ಸಿ (ಸೆಲ್‌ಗೆ 3 ಬಿಟ್), ಡಿರ‍್ಯಾಮ್ ಇರೋದನ್ನೇ ತಗೊಳ್ಳಿ, ತಗೊಳ್ಳೋಕೆ ಮುಂಚೆ ಕ್ಯಾಶ್ ತುಂಬಿದ ಮೇಲೆ ಎಷ್ಟು ಬರುತ್ತೆ ಅಂತ ಹುಡುಕಿ, ಡಬ್ಬೀಲಿ ಹುಡುಕ್ಬೇಡಿ, ಅಲ್ಲಿ ಇರಲ್ಲ.

ಇದನ್ನ ಟೈಪ್ ಮಾಡ್ತಿರೋವಾಗ್ಲೂ ಹಿಂದೆ 140 ಜಿಬಿ ಬ್ಯಾಕಪ್ ಅದೇ ಡಿಸ್ಕ್‌ಗೆ 60ರಲ್ಲಿ ಹೋಗ್ತಾ ಇದೆ. ಇಲ್ಲೀವರೆಗೆ ಕರ್ಸರ್ ನಿಂತಿದ್ದು ಎರಡೇ ಸಲ.